ಉಪ್ಪಿಲ್ಲದ ಊಟ

“ಇದು ಮೂರನೇ ದರ್ಜೆಗೂ ಬರಾಕಿಲ್ಲ ಕಣೇ ಸುಂದ್ರಿ,” ಎಂದು ಗುರುಮಲ್ಲಪ್ಪ ಆಸ್ಪತ್ರೆಯ ಸಪ್ಪೆ ಸಾರನ್ನು ಹೆಂಡತಿಯ ಕಡೆಗೆ ತಳ್ಳಿದ.

ಕಂಪಲಾಪುರದಲ್ಲಿ ಮೂವತ್ತು ವರ್ಷ ಹೊಗೆಸೊಪ್ಪಿನ ವ್ಯಾಪಾರ ಮಾಡಿದವನು. ಎಲೆಯನ್ನು ಬೆರಳಲ್ಲಿ ಮುಟ್ಟಿಯೇ ದರ್ಜೆ ಹೇಳುತ್ತಿದ್ದ. ಎದೆನೋವು ಬಂದು, ಕಾಲು ಬಾತು ಇಲ್ಲಿ ಮಲಗಿದ ಮೇಲೆ ಆಸ್ಪತ್ರೆಗೇ ದರ್ಜೆ ಕಟ್ಟತೊಡಗಿದ್ದ. ಮಂಚ ಒಂದನೆಯದು. ನರ್ಸಮ್ಮ ನಗುವುದಿಲ್ಲವಾದ್ದರಿಂದ ಎರಡನೆಯದು. ಡಾಕ್ಟರು ಯಾವುದಕ್ಕೂ ಸೇರರು.

“ಪಕ್ಕದ ಚಾಮಯ್ಯಂಗೆ ದಿನಕ್ಕೆರಡು ಸೂಜಿ. ನಂಗೆ ಸಾಸ್ವೆಕಾಳಷ್ಟು ಮಾತ್ರೆ. ಮಲ್ಗು ಅಂತಾರೆ. ಮಲಗಾಕೆ ಮನೆ ಇರ್ನಿಲ್ವಾ?”

“ನನ್ನ ಪಾಲಿಂದೂ ನೀವೇ ಚುಚ್ಚುಸ್ಕಳಿ ಸಾವ್ಕಾರ್ರೆ,” ಎಂದ ಚಾಮಯ್ಯ, ಪಕ್ಕದ ಮಂಚದಿಂದ. “ನಂಗೆ ಜಾಗ ಉಳ್ದಿಲ್ಲ.”

ಉಪ್ಪು ಕೊಡಬಾರದೆಂಬ ಮಾತನ್ನು ಡಾಕ್ಟರು ಇಂಗ್ಲಿಷಿನಲ್ಲಿ ನರ್ಸಮ್ಮನಿಗೆ ಹೇಳಿ ಹೋಗಿದ್ದರು. ರಾಜ್ಯ ಒಂದಾದ ಮೇಲೆ ಸರ್ಕಾರ ಉಪ್ಪಿನಲ್ಲೂ ಉಳಿಸುತ್ತಿದೆ ಎಂದು ಸುಂದ್ರಮ್ಮ ತೀರ್ಮಾನಿಸಿದಳು. ಹತ್ತಿರದಲ್ಲೇ ಇದ್ದ ತಂಗಿಯ ಮನೆಯಲ್ಲಿ ಖಾರವಾಗಿ ಉಪ್ಸಾರು ಕಾಯಿಸಿ, ತಂಬಿಗೆಯಲ್ಲಿ ಸೆರಗಿನಡಿ ತರತೊಡಗಿದಳು. ಗುರುಮಲ್ಲಪ್ಪ ಬೆರಳು ಚೀಪಿದ.

“ನನ್ನ ನೋಡ್ಕಳಾಳು ನೀನೊಬ್ಳೇ ಕಣೇ.”

ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಅವಳಿಗೆ ಸಿಕ್ಕ ಮೊದಲ ದರ್ಜೆ ಅದು.

ಐದನೆಯ ದಿನ ಬಾವು ತೊಡೆಗೆ ಏರಿತು; ಒರಗಿ ಕೂತರೂ ಉಸಿರು ಸಾಲದಾಯಿತು. ನರ್ಸಮ್ಮ ಮಂಚದಡಿಯ ತಂಬಿಗೆಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಸುಂದ್ರಮ್ಮನನ್ನು ಜಗಲಿಗೆ ಕರೆದಳು.

“ಉಪ್ಪು ಮೈಯಲ್ಲಿ ನೀರು ಹಿಡ್ಕೊಳ್ಳುತ್ತೆ ಕಣಮ್ಮ. ಅಷ್ಟು ನೀರು ತಡ್ಕೊಳ್ಳೋ ಶಕ್ತಿ ಅವರ ಹೃದಯಕ್ಕಿಲ್ಲ. ನಿಮಗೆ ಯಾರೂ ಹೇಳ್ಲಿಲ್ವಾ?”

“ಯೋಳ್ನಿಲ್ಲ ಕಣವ್ವ.”

ನರ್ಸಮ್ಮ ನೆಲ ನೋಡಿದಳು.

“ಅವ್ರಿಗೆ ಯೋಳ್ಬ್ಯಾಡಿ,” ಎಂದಳು ಸುಂದ್ರಮ್ಮ. “ನನ್ನ ಕೈಯಿಂದ್ಲೇ ಇಂಗಾಯ್ತು ಅಂತ ಗೊತ್ತಾಗದು ಬ್ಯಾಡ.”

ಮಧ್ಯಾಹ್ನ ಅವಳು ಅದೇ ತಂಬಿಗೆಯಲ್ಲಿ ಸಪ್ಪೆ ಸಾರು ತಂದು, ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟಳು. ಗುರುಮಲ್ಲಪ್ಪ ತುತ್ತನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡು ಅವಳ ಮುಖವನ್ನೇ ನೋಡಿದ. ಆಮೇಲೆ ಕಷ್ಟಪಟ್ಟು ನುಂಗಿದ.

“ಡಾಕ್ಟ್ರು ಕೈಬುಟ್ಟವ್ರೆ ಅಂತ ಗೊತ್ತಿತ್ತು. ನೀನೂವಾ?”

ಅವಳು ಇನ್ನೊಂದು ತುತ್ತು ಮುರಿದು ಅದ್ದಿದಳು. ಅವನು ಎರಡನೆಯ ತುತ್ತಿಗೆ ಬಾಯಿ ತೆರೆಯದೆ ಗೋಡೆಯ ಕಡೆ ತಿರುಗಿದ.

ಸುಂದ್ರಮ್ಮ ಕೈ ತೊಳೆದು ಬಂದು, ಮಂಚದ ತುದಿಯಲ್ಲಿ ಕೂತು, ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಒತ್ತತೊಡಗಿದಳು. ಒತ್ತಿದಲ್ಲೆಲ್ಲ ಬೆರಳಿನ ಗುರುತು ಗುಳಿಯಾಗಿ ನಿಲ್ಲುತ್ತಿತ್ತು. ಎಷ್ಟು ಹೊತ್ತಾದರೂ ತುಂಬಿಕೊಳ್ಳುತ್ತಿರಲಿಲ್ಲ.