ವಾಪಸ್ ಬಂದ ಹಸಿರು ಗೌನು

ದೊಡ್ಡವಳ ಮೂಗಿಗೆ ಆ ಕಂಪನಿಯಲ್ಲಿ ಮಾಲೀಕರಿಗಿಂತ ಹೆಚ್ಚು ಮರ್ಯಾದೆ. ಉತ್ಪ್ರೇಕ್ಷೆ ಅಂತ ಬೇಕಾದರೆ ಅನ್ನಿ, ಆದರೆ ವಾಪಸ್ ಮಾಲಿನ ಕೋಣೆಯಲ್ಲಿ ಒಂದು ದಿನ ನಿಂತು ನೋಡಿದವರು ಯಾರೂ ಹಾಗೆ ಅನ್ನುವುದಿಲ್ಲ. ಆನ್‌ಲೈನಿನಲ್ಲಿ ದುಬಾರಿ ಬಟ್ಟೆ ಮಾರುವ ಕಂಪನಿ ಅದು. ಅಂಗಡಿಯೆಂಬುದಿಲ್ಲ, ಇರುವುದೆಲ್ಲ ಫೋನಿನ ಪರದೆಯ ಮೇಲೆ. ಹೆಂಗಸರು ತರಿಸಿಕೊಳ್ಳುತ್ತಾರೆ, ಹಿಡಿಸದಿದ್ದರೆ ವಾಪಸ್ ಕಳಿಸುತ್ತಾರೆ. ಅದರಲ್ಲಿ ಕೆಲವು ಚಾಲಾಕಿಗಳಿರುತ್ತಾರೆ. ಕಂಪನಿಯ ಚೀಟಿ ಕೀಳದೆ, ಅದನ್ನು ಬೆನ್ನೊಳಗೆ ಅಡಗಿಸಿಕೊಂಡು, ಪಾರ್ಟಿಯಲ್ಲಿ ಮೆರೆದು ಬಂದು, ಮಾರನೆಯ ದಿನ 'ಅಳತೆ ಸರಿಯಿಲ್ಲ' ಅಂತ ಪೆಟ್ಟಿಗೆಗೆ ತುಂಬಿಬಿಡುತ್ತಾರೆ. ಅವರನ್ನು ಹಿಡಿಯುವುದೇ ದೊಡ್ಡವಳ ಕೆಲಸ. ಕತ್ತಿನ ಪಟ್ಟಿಗೆ, ಕಂಕುಳಿಗೆ, ಅಂಚಿಗೆ ಮೂಗಿಟ್ಟು ಉಸಿರೆಳೆದಳೆಂದರೆ ತೀರ್ಪು ಆಯಿತು. ಅವಳು "ತೊಟ್ಟಿದ್ದಾರೆ" ಅಂದರೆ ತೊಟ್ಟಿದ್ದಾರೆ. "ಹೊಸದು" ಅಂದರೆ ನೀಲಿ ಸ್ಟಿಕ್ಕರ್ ಬಿದ್ದು ಬಟ್ಟೆ ಮತ್ತೆ ಮಾರಾಟಕ್ಕೆ ಹೋಗುತ್ತದೆ.

ಇಂಥ ಮೂಗಿದ್ದವಳ ಹೊಟ್ಟೆಯಲ್ಲಿ ಮಾತ್ರ ಬರೀ ಕಿಚ್ಚು. ಕಾರಣ, ಒಡಹುಟ್ಟಿದ ತಂಗಿ.

ತಂಗಿಗೆ ಮನೆಯಲ್ಲಿ ಗುಬ್ಬಿ ಅಂತ ಮುದ್ದಿನ ಹೆಸರು. ಇವಳಿಗೆ? ದೊಡ್ಡವಳು, ಅಷ್ಟೆ. ಹುಟ್ಟಿದಾಗಿನಿಂದ ದೊಡ್ಡವಳು, ಮುದ್ದು ಮಾಡಿಸಿಕೊಳ್ಳುವ ವಯಸ್ಸಿನಲ್ಲೂ ದೊಡ್ಡವಳು. ಆ ಗುಬ್ಬಿಯನ್ನು ಕಂಪನಿಗೆ ಸೇರಿಸಿದ್ದೂ ಇವಳೇ, ಸೂಪರ್‌ವೈಸರ್ ಕೈಕಾಲು ಹಿಡಿದು. ಸ್ಟುಡಿಯೋದಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಕೆಲಸ ಸಿಕ್ಕಿತು. ಅಕ್ಕ ತಂಗಿ ಒಂದೇ ಬಸ್ಸಿನಲ್ಲಿ ಹೋಗಿಬಂದರು. ಅಲ್ಲಿಗೆ ನಿಂತಿದ್ದರೆ ಎಲ್ಲ ಚೆನ್ನಾಗಿತ್ತು.

ನಿಲ್ಲಲಿಲ್ಲ. ಕಂಪನಿಯ ಗಾಳಿ ಕೆಟ್ಟಿತು. ಕೊಳ್ಳುವವರು ಕಡಿಮೆಯಾದರು, ವಾಪಸ್ ಕಳಿಸುವವರು ಹೆಚ್ಚಾದರು. ಗೋದಾಮಿನಲ್ಲಿ ಅರ್ಧ ದೀಪ ಆರಿಸಿದರು, ಕ್ಯಾಂಟೀನಿನಲ್ಲಿ ಕಾಫಿ ನೀರಾಯಿತು, ಯಾರೋ ಕೊಳ್ಳುತ್ತಾರಂತೆ, ಇಲ್ಲ ಮುಚ್ಚುತ್ತಾರಂತೆ ಅಂತ ದಿನಕ್ಕೊಂದು ಸುದ್ದಿ. ಮುಳುಗುವಾಗ ಕೈಗೆ ಸಿಕ್ಕಿದ್ದನ್ನು ಹಿಡಿಯೋಣ ಅಂತ ಮಾಲೀಕರು ಸಂಜೆ ಹೊತ್ತು ಫೋನಿನಲ್ಲಿ ನೇರ ಶೋ ಶುರು ಮಾಡಿದರು. ಒಂದು ಸಂಜೆ ಮಾಡೆಲ್ ಕೈಕೊಟ್ಟಳು. ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದ ಗುಬ್ಬಿಯನ್ನೇ ಕ್ಯಾಮೆರಾ ಮುಂದೆ ತಳ್ಳಿದರು. ಅವಳೋ, ಬಾಯಿ ಬಿಟ್ಟರೆ ಮುಚ್ಚುವವಳಲ್ಲ. "ನೋಡಿ, ಈ ಬಟ್ಟೆಗೆ ಇಸ್ತ್ರಿ ಹಾಕಿ ಹಾಕಿ ನನ್ನ ಕೈ ಬಿದ್ದುಹೋಗಿದೆ, ಯಾರಾದ್ರೂ ಬೇಗ ತಗೊಂಡು ಪುಣ್ಯ ಕಟ್ಕೊಳ್ಳಿ" ಅಂದಳಂತೆ. ಜನ ಬಿದ್ದು ಬಿದ್ದು ನಕ್ಕರು, ನಕ್ಕವರು ಕೊಂಡರು. ಅವತ್ತಿನಿಂದ ಗುಬ್ಬಿಯೇ ಕಂಪನಿಯ ಮುಖ. ಶೋಗೆ ಮೊದಲು ಬಟ್ಟೆಯನ್ನು ತನ್ನ ರೂಮಿಗೆ ಒಯ್ದು ನೋಡುವ ಅನುಮತಿ ಇಡೀ ಕಂಪನಿಯಲ್ಲಿ ಅವಳೊಬ್ಬಳಿಗೇ. ಹೌದು, ರೂಮು! ಮನೆ ಬಿಟ್ಟು ಸ್ಟುಡಿಯೋ ಹತ್ತಿರವೇ ಒಂದು ರೂಮು ಹಿಡಿದಳು ಮಹಾರಾಣಿ.

ಮನೆಯಲ್ಲಿ ಉಳಿದದ್ದು ಅಮ್ಮ ಮತ್ತು ದೊಡ್ಡವಳು. ಅಮ್ಮನ ಮಂಡಿಗೆ ಮುಲಾಮು ತಿಕ್ಕುವುದು, ಅಡುಗೆ, ಬಟ್ಟೆ, ಎಲ್ಲ ಇವಳದು. ಸಂಜೆಯಾದರೆ ಅಮ್ಮ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೂರುತ್ತಿದ್ದಳು.

"ದೊಡ್ಡವಳೇ, ಬಾರೇ ಇಲ್ಲಿ! ನಮ್ಮ ಗುಬ್ಬಿ ಹೇಗೆ ಹೊಳೀತಿದಾಳೆ ನೋಡು!"

"ಅಷ್ಟು ದೀಪ ಹಾಕಿದ್ರೆ ಹಂಚಿನ ಮಸಿನೂ ಹೊಳೆಯುತ್ತಮ್ಮಾ."

"ನೀನೂ ಒಂಚೂರು ನಗ್ತಾ ಇದ್ದಿದ್ರೆ..."

ದೊಡ್ಡವಳು ಒಲೆಯ ಮುಂದೆ ನಿಂತು ಈರುಳ್ಳಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಹುರಿಯುತ್ತಿದ್ದಳು. ಕಣ್ಣಲ್ಲಿ ನೀರು ಬಂದರೆ ಈರುಳ್ಳಿಯ ಮೇಲೆ ಹಾಕಬಹುದಲ್ಲ.

ಹೀಗಿರುವಾಗ ಒಂದು ದಿನ ಅವಳ ಮೇಜಿಗೆ ಆ ಹಸಿರು ಗೌನು ಬಂತು. ಹಿಂದಿನ ವಾರವಷ್ಟೇ ಗುಬ್ಬಿ ಅಂಥದೇ ಒಂದನ್ನು ಶೋದಲ್ಲಿ ತೊಟ್ಟು ಗಿರ್ರನೆ ತಿರುಗಿದ್ದಳು. ಅಮ್ಮ ಆ ತುಣುಕನ್ನು ಅದೆಷ್ಟು ಸಲ ನೋಡಿದಳೋ. ದೊಡ್ಡವಳು ಗೌನು ಮೂಸಿದಳು. ಅಪ್ಪಟ ಹೊಸದು. ಸ್ಟಿಕ್ಕರ್ ಹಚ್ಚಬೇಕು. ಕೈ ಸ್ಟಿಕ್ಕರಿಗೆ ಹೋಗುವ ಬದಲು ಬಟ್ಟೆಯ ಮೇಲೇ ಉಳಿಯಿತು. ನುಣ್ಣನೆಯ ರೇಷ್ಮೆ. ಅಳತೆ ನೋಡಿದಳು. ಅಕ್ಕ ತಂಗಿಯರದು ಮೊದಲಿನಿಂದಲೂ ಒಂದೇ ಅಳತೆ. ಮಿಕ್ಕಿದ್ದರಲ್ಲೆಲ್ಲ ಮಾತ್ರ ದೇವರು ಮೋಸ ಮಾಡಿದ.

ಊಟದ ಡಬ್ಬಿಯ ಕೆಳಗೆ ಗೌನು ಮಡಚಿಟ್ಟುಕೊಂಡು ಮನೆಗೆ ಬಂದಳು. ಅಮ್ಮ ಒರಗಿ ಕಣ್ಣು ಮುಚ್ಚಿದ್ದಳು. ದೊಡ್ಡವಳು ಒಳಗೆ ಹೋಗಿ ತೊಟ್ಟು, ಬೀರುವಿನ ಕನ್ನಡಿ ಮುಂದೆ ನಿಂತಳು. ಅಯ್ಯೋ! ಒಪ್ಪಿತ್ತು. ನಿಜವಾಗಿ ಒಪ್ಪಿತ್ತು. ಕತ್ತು ಉದ್ದವಾಗಿ ಕಂಡಿತು, ಬೆನ್ನು ತಾನಾಗಿ ನೆಟ್ಟಗಾಯಿತು. ಯಾರೂ ಇಲ್ಲವಲ್ಲ ಅಂತ ತಾನೂ ಒಂದು ಸುತ್ತು ತಿರುಗಿದಳು.

ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಕನ್ನಡಕವಿಲ್ಲದೆ.

"ಬಂದ್ಯಾ ನನ್ನ ಗುಬ್ಬೀ! ಎಷ್ಟು ಚೆನ್ನಾಗಿ ಕಾಣ್ತೀಯೇ!"

ಚೆನ್ನಾಗಿ ಕಂಡರೆ ಅದು ಗುಬ್ಬಿಯೇ ಆಗಿರಬೇಕು, ಅಲ್ಲವಾ? ದೊಡ್ಡವಳು ಚೆನ್ನಾಗಿ ಕಾಣುವುದುಂಟೇ? "ಹೂಂ" ಅಂದಳು ಸಣ್ಣ ದನಿಯಲ್ಲಿ. ಅಮ್ಮ ಕನ್ನಡಕ ತರಲು ಹೋದದ್ದೇ ತಡ, ಗೌನು ಕಳಚಿ ನೈಟಿ ತೊಟ್ಟು, "ಗುಬ್ಬಿ ಹೊರಟುಹೋದ್ಲಮ್ಮಾ, ಏನೋ ಅವಸರವಂತೆ" ಅಂದುಬಿಟ್ಟಳು. ಆಮೇಲೆ ಗೌನನ್ನು ಬೀರುವಿನಲ್ಲಿಟ್ಟು, ಬೆಳಿಗ್ಗೆ ಕಂಪನಿಗೆ ಒಯ್ದು, ಮೂಗಿಟ್ಟು ಮೂಸಿದಳು. ಏನೂ ಇಲ್ಲ. ಕತ್ತಿನ ಪಟ್ಟಿ, ಕಂಕುಳು, ಅಂಚು, ಎಲ್ಲಿಯೂ ಒಂದಿಷ್ಟೂ ವಾಸನೆಯಿಲ್ಲ. ಹೊಸದು! ನೀಲಿ ಸ್ಟಿಕ್ಕರ್ ಹಚ್ಚಿ ಸ್ಟುಡಿಯೋಗೆ ಕಳಿಸಿದಳು. ಸಂಜೆಯ ಶೋದಲ್ಲಿ ಗುಬ್ಬಿ ಅದನ್ನು ತೂಗುಹಾಕಿ ತೋರಿಸಿದಳು, ಮಾರಿಯೂ ಹೋಯಿತು.

ಕೆಲವು ದಿನ ಕಳೆದ ಮೇಲೆ ಕೋಣೆಯಲ್ಲೆಲ್ಲ ಗುಸುಗುಸು. ಕಂಪನಿ ಕೊಳ್ಳಲು ಬಂದವರ ಕಡೆಯ ಹೆಂಗಸೊಬ್ಬಳು ಮಾಲು ಹೇಗಿದೆ ನೋಡೋಣ ಅಂತ ಗುಟ್ಟಾಗಿ ಒಂದು ಗೌನು ತರಿಸಿಕೊಂಡಿದ್ದಳಂತೆ. ಹಸಿರು ಗೌನು. ಯಾರೋ ತೊಟ್ಟು ಬಿಟ್ಟದ್ದು! ಹೊಸದರ ಹೆಸರಿನಲ್ಲಿ ಹಳೆಯದನ್ನು ಮಾರುವ ಕಂಪನಿಯನ್ನು ಯಾರು ಕೊಳ್ಳುತ್ತಾರೆ ಅಂತ ಕೂಗಾಡಿದಳಂತೆ.

ದೊಡ್ಡವಳು ಹೆದರಿದಳು. ಆದರೆ ಒಂದೇ ಕ್ಷಣ. ತಾನೇ ಮೂಸಿ ನೋಡಿದ್ದಳಲ್ಲ, ವಾಸನೆಯ ಸುಳಿವೂ ಇರಲಿಲ್ಲ. ಅಂದಮೇಲೆ ಸ್ಟಿಕ್ಕರ್ ಬಿದ್ದ ನಂತರವೇ ಯಾರೋ ತೊಟ್ಟಿರಬೇಕು. ಕಂಪನಿಯವರೂ ಹಾಗೆಯೇ ಲೆಕ್ಕ ಹಾಕಿದರು. ದೊಡ್ಡವಳ ಮೂಗು ದಾಟಿ ಹೋದ ಬಟ್ಟೆ ಹೊಸದೇ. ಆಮೇಲೆ ಅದು ಯಾರ ಕೈಗೆ ಹೋಯಿತು? ಗುಬ್ಬಿಯ ಕೈಗೆ. ರೂಮಿಗೆ ಒಯ್ಯುವವಳು ಯಾರು? ಗುಬ್ಬಿ.

"ಗುಬ್ಬೀನ ತೆಗೀತಾರಂತೆ" ಅಂದಳು ಪಕ್ಕದ ಮೇಜಿನವಳು.

"ಪಾಪ" ಅಂದಳು ದೊಡ್ಡವಳು. ಒಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಇಳಿಯಲಿ, ಒಂದು ಸಲವಾದರೂ ಕೆಳಗಿಳಿಯಲಿ. ಸಂಜೆ ಅಮ್ಮನ ಫೋನು ಕತ್ತಲಾಗಿರಲಿ.

ಸೂಪರ್‌ವೈಸರ್ ಕರೆ ಕಳಿಸಿದ. ಅವನ ಕೋಣೆಯಲ್ಲಿ ಕೊಳ್ಳುವವರ ಕಡೆಯ ಹೆಂಗಸು ಗಂಟುಮುಖ ಹಾಕಿಕೊಂಡು ಕೂತಿದ್ದಳು. ಗುಬ್ಬಿ ಗೋಡೆಗೆ ಒರಗಿ ನಿಂತಿದ್ದಳು, ಬಣ್ಣವಿಲ್ಲದ ಮುಖ. ಮೇಜಿನ ಮೇಲೆ ಗೌನು. ಬಾಗಿಲಲ್ಲಿ ಸ್ಟುಡಿಯೋದವರ ಗುಂಪು ಇಣುಕುತ್ತಿತ್ತು.

"ಮೇಡಂ, ನೀವೇ ಹೇಳಿಬಿಡಿ" ಅಂದ ಸೂಪರ್‌ವೈಸರ್. "ತಂಗಿ ಅಂತ ನೋಡಬೇಡಿ. ಏನು ವಾಸನೆ?"

ದೊಡ್ಡವಳು ಗತ್ತಿನಿಂದ ಗೌನು ಎತ್ತಿಕೊಂಡಳು. ಕತ್ತಿನ ಪಟ್ಟಿ. ಏನಿಲ್ಲ. ಕಂಕುಳು. ಏನಿಲ್ಲ. ಅಂಚು. ರಟ್ಟಿನ ಪೆಟ್ಟಿಗೆಯ ವಾಸನೆ ಬಿಟ್ಟರೆ ಬೇರೇನೂ ಇಲ್ಲ. "ಏನೂ ಬರ್ತಿಲ್ಲ ಸಾರ್."

"ಏನೂ ಬರ್ತಿಲ್ವಾ!" ಆ ಹೆಂಗಸು ಎದ್ದು ನಿಂತಳು. "ಪೆಟ್ಟಿಗೆ ತೆಗೆದ್ರೆ ಮೂಗಿಗೆ ಹೊಡೆಯುತ್ತೆ! ನೋವಿನ ಮುಲಾಮು, ಹುರಿದ ಈರುಳ್ಳಿ, ಬೀರುವಿನ ನುಸಿಗುಳಿಗೆ. ಯಾರದೋ ಮನೆ ವಾಸನೆ ಇಡೀ ಬಟ್ಟೆಗೆ ಅಂಟಿಕೊಂಡಿದೆ."

ದೊಡ್ಡವಳ ಕೈಯಲ್ಲಿ ಗೌನು ಹಾಗೇ ನಿಂತಿತು. ಮುಲಾಮು. ಈರುಳ್ಳಿ. ನುಸಿಗುಳಿಗೆ. ಊರವರ ಮನೆಗಳೆಲ್ಲ ಅವಳ ಮೂಗಿಗೆ ಗೊತ್ತು. ಗೊತ್ತಾಗದ ಮನೆ ಒಂದೇ ಒಂದು. ದಿನಾ ಮಲಗಿ ಏಳುವ ಮನೆಯ ವಾಸನೆ ಯಾರ ಮೂಗಿಗೆ ಬರುತ್ತದೆ?

ಗುಬ್ಬಿ ಮೆಲ್ಲಗೆ ಮುಂದೆ ಬಂದು ಅವಳ ಕೈಯಿಂದ ಗೌನು ತೆಗೆದುಕೊಂಡಳು. ಮುಖಕ್ಕೆ ಒತ್ತಿ ಹಿಡಿದಳು. ಮೂಸುವುದಕ್ಕೆ ಅಷ್ಟು ಹೊತ್ತು ಬೇಕಿಲ್ಲ. ತಲೆಯೆತ್ತಿದಾಗ ಕಣ್ಣು ಒದ್ದೆಯಾಗಿತ್ತು. ಅಕ್ಕನನ್ನೊಮ್ಮೆ ನೋಡಿ, ಸೂಪರ್‌ವೈಸರ್ ಕಡೆ ತಿರುಗಿದಳು.

"ನಾನೇ ಸಾರ್ ತೊಟ್ಟಿದ್ದು. ತಪ್ಪಾಯ್ತು."

ದೊಡ್ಡವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕೆಲಸ ಉಳಿಯುತ್ತಿತ್ತು, ಮೂಗಿನ ಮರ್ಯಾದೆ ಉಳಿಯುತ್ತಿತ್ತು, ಗುಬ್ಬಿಯೂ ಕೆಳಗಿಳಿಯುತ್ತಿದ್ದಳು. ಬೇಡಿದ್ದೆಲ್ಲ ತಟ್ಟೆಯಲ್ಲಿಟ್ಟು ಕೊಟ್ಟ ಹಾಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿದ್ದ ಯಾರೋ ಲೊಚಗುಟ್ಟಿದರು. "ಎಂಥಾ ಹುಡುಗಿ ನೋಡಿ, ಸುಳ್ಳು ಹೇಳ್ಲಿಲ್ಲ." ಕೊಳ್ಳುವವರ ಹೆಂಗಸಿನ ಗಂಟುಮುಖವೂ ಸಡಿಲವಾಯಿತು. "ಒಪ್ಪಿಕೊಂಡಳಲ್ಲ, ಅದು ದೊಡ್ಡ ಗುಣ" ಅಂದಳು.

ದೊಡ್ಡ ಗುಣ! ದೊಡ್ಡವಳಿಗೆ ಅಡಿಯಿಂದ ಮುಡಿಯವರೆಗೂ ಉರಿದುಹೋಯಿತು. ಇದೂ ಅವಳದೇ? ಚೆಲುವೂ ಅವಳದು, ಮಾತೂ ಅವಳದು, ಅಮ್ಮನೂ ಅವಳದು, ಈಗ ಒಳ್ಳೆಯತನವೂ ಅವಳದೇ?

"ಏಯ್, ಸುಮ್ನಿರೇ!" ಅಂತ ಕಿರುಚಿಯೇ ಬಿಟ್ಟಳು. "ಇದನ್ನೂ ನೀನೇ ತಗೊಳ್ತೀಯೇನೇ? ಕೊಡೋದಿಲ್ಲ ಹೋಗು! ಸಾರ್, ಅದನ್ನ ತೊಟ್ಟಿದ್ದು ನಾನು. ಮನೆಗೆ ಒಯ್ದು ತೊಟ್ಟಿದ್ದು ನಾನು, ಸ್ಟಿಕ್ಕರ್ ಹಚ್ಚಿದ್ದೂ ನಾನು. ಚೆನ್ನಾಗಿತ್ತು ಸಾರ್! ನನಗೂ ಒಪ್ಪಿತ್ತು! ಬೇಕಾದ್ರೆ ನಮ್ಮಮ್ಮನ್ನ..."

ಅಮ್ಮ ಅಂದದ್ದು ನೆನಪಾಗಿ, ಕತ್ತಿನಲ್ಲಿದ್ದ ಗುರುತಿನ ಚೀಟಿಯನ್ನು ತಾನೇ ಕಳಚಿದಳು.

ಸೂಪರ್‌ವೈಸರ್ ಅವಳ ಗುರುತಿನ ಚೀಟಿ ಇಸಿದುಕೊಂಡ. "ಈ ಗೌನೂ ತಗೊಂಡು ಹೋಗಿ ಮೇಡಂ. ಇನ್ನಿದನ್ನ ಯಾರಿಗೆ ಮಾರೋದು" ಅಂದ.

ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತ ನಿಂತವಳ ಹಿಂದೆ ಗುಬ್ಬಿ ಏದುಸಿರು ಬಿಡುತ್ತ ಓಡಿಬಂದಳು.

"ಹುಚ್ಚು ಹಿಡಿದಿದೆಯೇನೇ ಅಕ್ಕಾ ನಿನಗೆ? ನಾನು ಹೇಗಾದ್ರೂ ಬದುಕ್ಕೊಳ್ತಿದ್ದೆ. ಈ ಕಂಪನಿ ಉಳಿಯೋದೇ ಅನುಮಾನ. ಆ ಹೆಂಗಸು ಏನೂ ಹೇಳದೆ ಎದ್ದು ಹೋದಳು. ನಿನ್ನ ಹೆಸರಾದ್ರೂ ಉಳೀತಿತ್ತು."

"ನಿನ್ನ ಉಪಕಾರ ಯಾರಿಗೆ ಬೇಕಿತ್ತು? ಹೋಗು, ಹೋಗಿ ಹೊಳಿ."

ಗುಬ್ಬಿ ಹೋಗಲಿಲ್ಲ. ಪಕ್ಕದಲ್ಲೇ ನಿಂತಳು. ಅಕ್ಕನ ಚೀಲದಿಂದ ಇಣುಕುತ್ತಿದ್ದ ಹಸಿರು ಅಂಚನ್ನು ಹಿಡಿದು ಮತ್ತೊಮ್ಮೆ ಮೂಸಿದಳು.

"ನಿನಗೆ ನಿಜವಾಗ್ಲೂ ವಾಸನೆ ಬರ್ಲಿಲ್ಲ, ಅಲ್ವಾ?"

"ಇಲ್ಲ."

"ನನಗೆ ಅವತ್ತು ಸ್ಟುಡಿಯೋದಲ್ಲಿ ಪೆಟ್ಟಿಗೆ ತೆಗೆದ ಕೂಡ್ಲೇ ಬಂತು. ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸ್ತು. ಆ ರೂಮಿಗೆ ಯಾವ ವಾಸನೇನೂ ಇಲ್ಲ ಕಣೇ. ಅಮ್ಮ ನನ್ನನ್ನ ಫೋನಲ್ಲಿ ನೋಡ್ತಾಳೆ, ಆದ್ರೆ ಮಂಡಿ ನೋವು ಬಂದ್ರೆ ಕೂಗೋದು ನಿನ್ನನ್ನ. ನೀನು ದಿನಾ ಅದರೊಳಗೇ ಇರ್ತೀಯ, ನಿನಗೆ ಗೊತ್ತೇ ಆಗಲ್ಲ." ಸೆರಗಿಲ್ಲದ್ದಕ್ಕೆ ಗೌನಿನ ಅಂಚಿಗೇ ಮೂಗು ಒರೆಸಿಕೊಂಡಳು. "ನಿನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ ಅಕ್ಕಾ."

ಬಸ್ಸು ಬಂದು ನಿಂತಿತು. ಜನ ಹತ್ತಿದರು. ದೊಡ್ಡವಳು ಹತ್ತಲಿಲ್ಲ. ತಂಗಿಯ ಕಡೆಗೆ ಪೂರ್ತಿ ತಿರುಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಳು.

"ಏನಂದೆ? ಇನ್ನೊಂದು ಸಲ ಹೇಳು."