ಬಲ ಅಂಗೈಯ ಒಂಬತ್ತು ತೇಪೆ

ಸೊಮೆಯಾ ತೋಕಿಹಿಕೊ ಅವರ ಬಲಗೈಯ ಗವಸು ವರ್ಷಕ್ಕೆ ಎರಡು ಸಲ ಅಂಗೈಯಲ್ಲಿ ಹರಿಯುತ್ತಿತ್ತು. ಎಡಗೈಯದಕ್ಕೆ ಏನೂ ಆಗುತ್ತಿರಲಿಲ್ಲ. ಇಡೀ ದೇಶ ಅವರ ಕತ್ತಿವರಸೆಯನ್ನು ಹೊಗಳುತ್ತಲೋ ಹಂಗಿಸುತ್ತಲೋ ಇದ್ದ ಆ ವರ್ಷಗಳಲ್ಲಿ, ಈ ಸಂಗತಿಯ ಅರ್ಥ ಬಲ್ಲವಳು ಹತ್ಸುಯೊ ಒಬ್ಬಳೇ.

ಅಸಾಕುಸಾ ಪೇಟೆಯ ಹಿಂದಿನ ಓಣಿಯಲ್ಲಿ, ಕತ್ತಿವರಸೆಯವರ ಕವಚ, ಗವಸುಗಳನ್ನು ರಿಪೇರಿ ಮಾಡುವ ಅಂಗಡಿ ಅವಳ ಗಂಡನದು. ಹೊರಗಿನ ಹಲಗೆಯ ಮೇಲೆ ಮಾವನ ಹೆಸರು, ಗಲ್ಲಾಪೆಟ್ಟಿಗೆಯ ಮುಂದೆ ಗಂಡ ಜಿನ್‌ಜೊ. ಗಿರಾಕಿಗಳು ಹೊಲಿಗೆಯನ್ನು ಮೆಚ್ಚಿದಾಗ ಚಹಾದ ಬಟ್ಟಲು ಕೆಳಗಿಟ್ಟು ತಲೆ ಬಾಗಿಸುವುದು ಅವನ ಕೆಲಸ. ಪರದೆಯ ಹಿಂದೆ, ಒಲೆಯ ಮೇಲಿನ ಅನ್ನಕ್ಕೆ ಒಂದು ಕಿವಿ, ಹಾಸಿಗೆ ಹಿಡಿದ ಅತ್ತೆಗೆ ಇನ್ನೊಂದು ಕಿವಿ ಕೊಟ್ಟು, ಜಿಂಕೆ ಚರ್ಮಕ್ಕೆ ಸೂಜಿ ಇಳಿಸುವುದು ಹತ್ಸುಯೊಳ ಕೆಲಸ.

ಸೊಮೆಯಾ ಗಿಡ್ಡ ಆಳು. ಯಾರೋ ಈಗ ಫೋಟೋ ತೆಗೆಯುತ್ತಾರೆಂಬಂತೆ ಒಂದೊಂದು ಹೆಜ್ಜೆಯನ್ನೂ ಇಟ್ಟು ನಡೆಯುತ್ತಿದ್ದರು. ಜೂನ್ ತಿಂಗಳ ಜಿಗುಟು ಸೆಕೆಯಲ್ಲೂ ಕಡುನೀಲಿ ಕೋಟಿನ ಹಿತ್ತಾಳೆ ಗುಂಡಿಗಳು ಕತ್ತಿನವರೆಗೆ ಹಾಕಿರುತ್ತಿದ್ದವು. ಜೊತೆಗೆ ಶಿಷ್ಯರು ಇದ್ದರೂ ಗವಸಿನ ಗಂಟನ್ನು ತಾವೇ ಹೊತ್ತು ತರುತ್ತಿದ್ದರು. ನಕ್ಕರೆ ಕಪಾಟಿನ ಬಟ್ಟಲುಗಳು ಅಲುಗುತ್ತಿದ್ದವು. ಸ್ನಾನದ ಮನೆಯಲ್ಲಿ ಹುಡುಗಿಯರು ಕದ್ದು ಓದುವಂಥ ಕಾದಂಬರಿಗಳನ್ನು ಬರೆದ ಈ ಮನುಷ್ಯ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಕತ್ತಿ ಹಿಡಿದರು. ದೇಶ ಅಂಗಡಿಗಾರನಾಗಿದೆ, ಕತ್ತಿಯನ್ನು ಮತ್ತೆ ಚಕ್ರವರ್ತಿಯ ಪಾದಕ್ಕೆ ಒಪ್ಪಿಸಬೇಕು ಎಂದು ಬರೆಯತೊಡಗಿದರು. ಬೂದುಬಣ್ಣದ ಸಮವಸ್ತ್ರ ತೊಟ್ಟ ವಿದ್ಯಾರ್ಥಿಗಳು ಅವರ ಬೆನ್ನು ಹತ್ತಿದರು. 'ಹೆಂಗಸಿನ ಕೈ ಒಲೆಗೆ, ಗಂಡಸಿನ ಕೈ ಕತ್ತಿಗೆ. ಎರಡೂ ಬೆರೆತಂದು ದೇಶ ಕೆಟ್ಟಿತು' ಎಂಬ ಅವರ ಲೇಖನವನ್ನು ಹತ್ಸುಯೊ ಮೀನು ಹೆರೆಯುತ್ತ ಓದಿ, ಅದೇ ಹಾಳೆಯಲ್ಲಿ ಮೀನಿನ ಕರುಳನ್ನು ಸುತ್ತಿ ಎಸೆದಿದ್ದಳು. ಸಿಟ್ಟಿನಿಂದಲ್ಲ, ಕೈಗೆ ಸಿಕ್ಕ ಕಾಗದ ಅದಾಗಿತ್ತು.

ಕತ್ತಿಯನ್ನು ಹಿಡಿಯುವುದು ಎಡಗೈ, ಅದರಲ್ಲೂ ಕೊನೆಯ ಎರಡು ಬೆರಳು. ಬಲಗೈ ದಾರಿ ತೋರಿಸಿದರೆ ಸಾಕು. ಬಲಗೈಯಿಂದ ಹಿಸುಕಿ ಹಿಡಿಯುವವರು ಹೊಸಬರು, ಅವಸರದವರು. ಸಾವಿರಾರು ಅಂಗೈಗಳನ್ನು ಮಡಿಲಲ್ಲಿಟ್ಟು ಹೊಲಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಮೂರನೆಯ ವರ್ಷ, ಆರನೆಯ ತೇಪೆಗೆ ಬಂದ ದಿನ ಸೊಮೆಯಾ, "ಮತ್ತೆ ಹರೀತು," ಎಂದರು.

"ಚರ್ಮದ್ದೇ ತಪ್ಪು ಮೇಷ್ಟ್ರೇ," ಜಿನ್‌ಜೊ ಸಮಾಧಾನ ಹೇಳಿದ. "ಈಗಿನ ಜಿಂಕೆಗಳೇ ಹಾಗೆ."

"ಜಿಂಕೆದೇನೂ ತಪ್ಪಿಲ್ಲ," ಪರದೆಯ ಹಿಂದಿನಿಂದ ಹತ್ಸುಯೊ ಅಂದುಬಿಟ್ಟಳು. "ಮೇಷ್ಟ್ರ ಬಲಗೈಗೆ ಎಡಗೈ ಮೇಲೆ ನಂಬಿಕೆ ಇಲ್ಲ, ಅಷ್ಟೇ."

"ಲೇ!"

ಸೊಮೆಯಾ ಪರದೆ ಸರಿಸಿದರು. ಸೂಜಿ ನೋಡಿದರು, ಸೂಜಿಮೊನೆಯಿಂದ ಜಾಲರಿಯಾದ ಅವಳ ಹೆಬ್ಬೆರಳು ನೋಡಿದರು.

"ಇಷ್ಟು ದಿನ ಹೊಲಿದಿದ್ದು ನೀವಾ, ಅಮ್ಮಾವ್ರೇ?"

"ಮತ್ತಿನ್ಯಾರು ಹೊಲೀತಾರೆ?"

ಆ ಕೋಟು ಹೊಸ್ತಿಲಿಗೆ ತಾಗುವಷ್ಟು ಅವರು ಬಾಗಿದರು. "ಹಾಗಾದ್ರೆ ಹಿಡಿಯೋದನ್ನೂ ಹೇಳಿಕೊಡಿ."

"ನಂಗೆ ಕತ್ತಿ ಗೊತ್ತಿಲ್ಲ. ಹಿಂಡೋದು ಗೊತ್ತು." ಕಾಲಬಳಿಯ ಬಕೆಟ್ಟನ್ನು ಅವರ ಮುಂದಕ್ಕೆ ತಳ್ಳಿದಳು. "ನೆಲ ಒರೆಸೋ ಬಟ್ಟೆ. ಯಾವತ್ತಾದ್ರೂ ಹಿಂಡಿದ್ದೀರಾ?"

"ಇಲ್ಲ."

"ನಿಮ್ಮನೇಲಿ ನೆಲ ತಾನಾಗೇ ಒರೆಸ್ಕೊಳ್ಳತ್ತಾ?"

ಬಟ್ಟಲುಗಳು ಅಲುಗಿದವು. ಆಮೇಲೆ ಅವರು ಮಂಡಿಯೂರಿ ಕೂತು ಬಟ್ಟೆಯನ್ನು ಬಲಗೈಯಿಂದ ತಿರುಚಿದರು. ನೀರು ಬಕೆಟ್ಟಿಗೆ ಬೀಳದೆ ಕೋಟಿನ ತೋಳಿನೊಳಗೆ ಹರಿಯಿತು.

"ಬಟ್ಟೆಯ ಕತ್ತು ಹಿಸುಕಬೇಡಿ. ಎರಡೂ ಕೈ ಒಳಕ್ಕೆ ತಿರುಗಲಿ. ಕಿರುಬೆರಳಿಂದ ಶುರು ಮಾಡಿ. ಹಿಂಡಿ, ಬಿಡಿ. ಬಿಡೋದೇ ಮುಖ್ಯ."

"ಇನ್ನೊಂದು ಸಲ," ಎಂದರು ಸೊಮೆಯಾ. ಅದು ಅವರ ಬಾಯಿಗೆ ಅಂಟಿದ ಮಾತು. ಆವತ್ತು ಅದನ್ನು ಎಷ್ಟು ಸಲ ಅಂದರೆಂದರೆ ಒಲೆಯ ಮೇಲಿನ ಅನ್ನ ತಳ ಹಿಡಿದು ಸೀದಿತು. ಅತ್ತೆ ಎರಡು ದಿನ ಬೈದಳು.

ಮರುದಿನ ಬೆಳಿಗ್ಗೆಯಿಂದ ಸೊಮೆಯಾ ಗರಡಿಯ ನೆಲವನ್ನು ಶಿಷ್ಯರ ಸಾಲಿನಲ್ಲಿ ತಾವೂ ಬಗ್ಗಿ ಒರೆಸುತ್ತಿದ್ದಾರೆ ಎಂದು ಗಿರಾಕಿಗಳು ಆಡಿಕೊಂಡರು. ಹತ್ಸುಯೊಗೆ ಸುದ್ದಿ ಬೇಕಿರಲಿಲ್ಲ, ಗವಸು ಹೇಳುತ್ತಿತ್ತು. ಏಳನೆಯ ತೇಪೆ ಒಂದು ವರ್ಷದ ಮೇಲೆ ಬಂತು, ಎಂಟನೆಯದು ಎರಡು ವರ್ಷದ ಮೇಲೆ. ಒಂಬತ್ತನೆಯದನ್ನು ಹಾಕುವಾಗ ಅವಳು ಸೂಜಿ ನಿಲ್ಲಿಸಿ ಗವಸನ್ನು ಬೆಳಕಿಗೆ ಹಿಡಿದಳು. ಎದುರಿಗೆ ಬಂದವರೆಲ್ಲ ತಲೆ ಬಾಗಿಸುವ ಮನುಷ್ಯ, ತಲೆ ನರೆಯುವ ವಯಸ್ಸಿನಲ್ಲಿ, ತನ್ನ ಕೈಯನ್ನೇ ಕಿರುಬೆರಳಿನಿಂದ ಮತ್ತೆ ಕಟ್ಟುತ್ತಿದ್ದಾನೆ. ಅಂಥ ಹಟವನ್ನು ಅವಳು ಗಂಡಸರಲ್ಲಿ ಕಂಡಿರಲಿಲ್ಲ.

ಆ ವರ್ಷವೇ ಅವರ ಇನ್ನೊಂದು ಲೇಖನ ಬಂತು: 'ಹಿಡಿತದ ಗುಟ್ಟು ನನಗೆ ಒಲಿದದ್ದು ಪೂರ್ವಜರ ರಕ್ತದಿಂದ.' ಹತ್ಸುಯೊ ಎರಡು ಸಲ ಓದಿದಳು. ಬಕೆಟ್ಟು ಎಲ್ಲೂ ಇರಲಿಲ್ಲ.

"ರಕ್ತವಂತೆ," ಎಂದಳು ಮೀನು ಮಗುಚುತ್ತ. "ಕೊಳೆನೀರು."

ಆದರೂ ಆ ಶರತ್ಕಾಲದ ಮಧ್ಯಾಹ್ನವನ್ನು ಅವಳು ಮರೆಯಲಿಲ್ಲ. ಸೊಮೆಯಾ ನೇರ ಪರದೆಯ ಹಿಂದಕ್ಕೇ ಬಂದು ಗಂಟು ಬಿಚ್ಚಿ, "ನೋಡಿ," ಎಂದರು. ಬಲಗೈಯ ಒಂಬತ್ತನೆಯ ತೇಪೆ ಹಾಕಿದ ಹಾಗೇ ಇತ್ತು. ಎಡಗೈಯಲ್ಲಿ, ಕಿರುಬೆರಳಿನ ಕೆಳಗೆ, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು.

"ಕಲಿತುಬಿಟ್ರಿ, ಮೇಷ್ಟ್ರೇ." ಅವಳು ಹೆಬ್ಬೆರಳಿನಿಂದ ಆ ಜಾಗವನ್ನು ಸವರಿದಳು.

"ಹರೀತು ಅಂತ ಹಿಗ್ಗೋ ಗಿರಾಕಿ ನಾನೊಬ್ಬನೇ ಇರಬೇಕು," ಎಂದು ನಕ್ಕರು. "ಬರೋ ವಾರ ಬಂದು ತಗೊಂಡು ಹೋಗ್ತೀನಿ."

ಬರಲಿಲ್ಲ. ಆ ವಾರ ಅವರು ಒಂಬತ್ತು ಜನ ಶಿಷ್ಯರೊಡನೆ ಸರ್ಕಾರಿ ಕಚೇರಿಯೊಂದರ ಅಂಗಳಕ್ಕೆ ನುಗ್ಗಿ, ಸಂವಿಧಾನವನ್ನು ಹರಿದು ಹಾಕಿ ಎಂದು ಭಾಷಣ ಮಾಡಿದರು. ಗುಮಾಸ್ತರು ಕಿಟಕಿಗಳಿಂದ ನಕ್ಕರು. ತಳ್ಳಾಟದಲ್ಲಿ ಶಿಷ್ಯನೊಬ್ಬನ ಕತ್ತಿ ಬಾಗಿಲು ಕಾಯುವವನ ಎರಡು ಬೆರಳು ತೆಗೆಯಿತು. ವಿಚಾರಣೆ ಶುರುವಾಗುವ ಮೊದಲೇ ಸೊಮೆಯಾ ಜೈಲಿನಲ್ಲಿ ಎದೆಯ ಜ್ವರದಿಂದ ತೀರಿಕೊಂಡರು. ಹತ್ಸುಯೊ ಪತ್ರಿಕೆಯನ್ನು ಮೂಲೆಯಿಂದ ಮೂಲೆಗೆ ಹುಡುಕಿದಳು. ಯಾವ ಕೈಯ ಯಾವ ಬೆರಳು ಎಂದು ಎಲ್ಲೂ ಬರೆದಿರಲಿಲ್ಲ. ಹಿಡಿಯುವುದನ್ನು ಅವರು ಆ ಹುಡುಗರಿಗೆ ಕಲಿಸಿದ್ದರು. ಬಿಡುವುದನ್ನು?

ಹದಿನಾಲ್ಕು ವರ್ಷಗಳ ಮೇಲೆ, ಅಂಥದೇ ಕಡುನೀಲಿ ಕೋಟು ತೊಟ್ಟ ಅಕಿಬಾ ಎಂಬ ನಡುವಯಸ್ಸಿನ ಶಿಷ್ಯ ಅಂಗಡಿಗೆ ಬಂದ. ಮೇಷ್ಟ್ರ ಸ್ಮಾರಕ ಭವನ ಸಿದ್ಧವಾಗಿದೆ, ಅವರು ಇಲ್ಲೇ ಬಿಟ್ಟುಹೋದ ಗವಸುಗಳು ಗಾಜಿನ ಪೆಟ್ಟಿಗೆಯಲ್ಲಿ ಇರಬೇಕು. ಮೇಷ್ಟ್ರ ಹೆಂಡತಿ ಒಪ್ಪಿ ಕೊಟ್ಟ ಪತ್ರವೂ ಅವನ ಕೈಯಲ್ಲಿತ್ತು.

"ಬಲಗೈ ತೇಪೆ ಎಲ್ಲ ಬಿಚ್ಚಿ ಹೊಸ ಚರ್ಮ ಹಾಕಿಕೊಡಿ ಯಜಮಾನ್ರೇ. ಬರೋರಲ್ಲಿ ಕತ್ತಿ ಬಲ್ಲವರೂ ಇರ್ತಾರೆ. ಮೇಷ್ಟ್ರು ಹೊಸಬನ ಹಾಗೆ ಹಿಡೀತಿದ್ರು ಅಂದ್ಕೋತಾರೆ."

"ಹಿಡೀತಿದ್ರು," ಎಂದಳು ಹತ್ಸುಯೊ.

"ಒಂದು ಮಧ್ಯಾಹ್ನದ ಕೆಲಸ. ಆಗತ್ತೆ," ಎಂದ ಜಿನ್‌ಜೊ.

"ಆಗಲ್ಲ." ಅವಳು ಪರದೆಯ ಈಚೆಗೆ ಬಂದಿದ್ದಳು. "ಅಷ್ಟೂ ವರ್ಷ ಅವರು ಕಲಿತದ್ದು ಇದರ ಮೇಲಿದೆ. ಬಿಚ್ಚಿದ್ರೆ ಅವರೂ ಇಲ್ಲ, ನಾನೂ ಇಲ್ಲ."

ಅಕಿಬಾ ಅವಳನ್ನು ಬಿಟ್ಟು ಗಂಡನ ಕಡೆ ನೋಡಿದ. ಮುದುಕ ಜಿನ್‌ಜೊ ಚಹಾದ ಬಟ್ಟಲು ಕೆಳಗಿಟ್ಟ.

"ಈ ಅಂಗಡೀಲಿ ನಾನೊಂದು ಹೊಲಿಗೆ ಹಾಕಿಲ್ಲ, ಸ್ವಾಮಿ," ಎಂದ. "ಅವಳು ಆಗಲ್ಲ ಅಂದ್ರೆ ಆಗಲ್ಲ."

"ಮೇಷ್ಟ್ರಿಗೆ ಹಿಡಿತ ಬಂದದ್ದು ರಕ್ತದಿಂದ! ಅವರೇ ಬರೆದಿದ್ದಾರೆ."

ಹತ್ಸುಯೊ ಬಕೆಟ್ಟು ತಂದು ಅವನ ಮುಂದಿಟ್ಟಳು. "ಹಿಂಡಿ."

"ನಾನು ಯಾಕೆ ಹಿಂಡಲಿ?"

"ನಿಮ್ಮ ಮೇಷ್ಟ್ರು ಯಾಕೆ ಅಂತ ಕೇಳಲಿಲ್ಲ."

ಅಕಿಬಾ ಹಿಂಡಲಿಲ್ಲ. ತೇಪೆಗಳಿದ್ದ ಹಾಗೇ, ಅಂಗೈ ಮೇಲಾಗಿ ಇಡುತ್ತೇನೆಂದು ಮಾತು ಕೊಟ್ಟು ಗವಸು ಒಯ್ದ.

ವಸಂತದಲ್ಲಿ ಅವಳು ಒಬ್ಬಳೇ ಭವನಕ್ಕೆ ಹೋದಳು. ಗೋಡೆಯ ಮೇಲೆ ರಕ್ತದ ಆ ವಾಕ್ಯ. ಕೆಳಗೆ ಗಾಜಿನೊಳಗೆ ಅಂಗೈ ಕೆಳಗಾಗಿ ಮಲಗಿದ ಗವಸುಗಳು. ಪಕ್ಕದಲ್ಲಿ ಒಬ್ಬಳು ನೆಲ ಒರೆಸುತ್ತಿದ್ದಳು.

"ಗಾಜಿನ ಒಳಗೂ ಒರೆಸ್ತೀಯೇನಮ್ಮ?"

"ಇವತ್ತೇ ಅದರ ಸರದಿ. ಯಾಕಜ್ಜಿ?"

"ಅವನ್ನ ಮಗುಚಿ ಇಡ್ತೀಯಾ? ನಾನು ಹೊಲಿದದ್ದು."

ಅವಳು ಹತ್ಸುಯೊಳ ಹೆಬ್ಬೆರಳು ನೋಡಿದಳು. ಆಮೇಲೆ ಬಟ್ಟೆಯನ್ನು ಬಕೆಟ್ಟಿನ ಮೇಲೆ ಹಿಡಿದು, ಎರಡೂ ಕೈ ಒಳಕ್ಕೆ ತಿರುಗಿಸಿ, ಕಿರುಬೆರಳಿನಿಂದ ಹಿಂಡಿ, ಬಿಟ್ಟಳು. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಬೀಗದ ಕೈ ತೆಗೆದಳು.

ಸೊಮೆಯಾರಂಥವರು ಎಲ್ಲ ಕಾಲದಲ್ಲೂ ಹುಟ್ಟುತ್ತಾರೆ. ಅವರ ಬೆಂಕಿಯ ಮುಂದೆ ಬೆರಗಾಗದೆ ನಿಲ್ಲುವುದು ಕಷ್ಟ, ಅದರ ಬಿಸಿಯಲ್ಲಿ ಸುಟ್ಟುಕೊಂಡವರನ್ನು ಮರೆಯುವುದು ಇನ್ನೂ ಕಷ್ಟ. ಒಂದು ಹಿಡಿತಕ್ಕಾಗಿ ಯಾರ ಮುಂದೆ ಬೇಕಾದರೂ ಮಂಡಿಯೂರುವ ದೊಡ್ಡತನ ಅವರಿಗಿರುತ್ತದೆ; ಎದ್ದು ನಿಂತ ಮೇಲೆ, ಎಲ್ಲಿ ಮಂಡಿಯೂರಿದ್ದೆವೆಂದು ಹೇಳುವಷ್ಟು ಮಾತ್ರ ಇರುವುದಿಲ್ಲ. ಅದನ್ನು ನೆನಪಿಟ್ಟುಕೊಳ್ಳುವ ಕೆಲಸವೂ ಅಡಿಗೆಮನೆಯವರ ಪಾಲಿಗೇ ಬರುತ್ತದೆ.