ಸೊರೈದಾಳ ಮೊಳೆ

ಊರಿಗೆಲ್ಲ ಬೂಟು ಹೊಲಿಯುವ ನೆಲಿದಾ ತಾನು ಮಾತ್ರ ಹನ್ನೊಂದು ವರ್ಷದಿಂದ ಬಿಡುವು ಸಿಕ್ಕಾಗಲೆಲ್ಲ ಬರಿಗಾಲಲ್ಲಿ ಓಡಾಡುತ್ತಿದ್ದಳು. ಪೆರು ದೇಶದ ಜೋಡಿ ಕುಣಿತವಾದ ಮರಿನೇರಾ ಕುಣಿಯುವ ಹೆಂಗಸಿಗೆ ಅಂಗಾಲೇ ಬಂಡವಾಳ. ಜೊತೆಗಾರ ಗಂಡಸು ಬೂಟು ಮೆಟ್ಟಿ ಠೀವಿಯಿಂದ ಸುತ್ತು ಹಾಕುತ್ತಾನೆ. ಹೆಂಗಸು ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಲಂಗದ ಅಂಚು ಹಿಡಿದು ಬರಿಗಾಲಲ್ಲೇ ನೆಲ ಬಡಿಯಬೇಕು. ಅದಕ್ಕೆಂದೇ ನೆಲಿದಾ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ತ್ರುಹಿಯೊ ಪಟ್ಟಣದ ಬೂಟುಗಾರರ ಬಡಾವಣೆ ಎಲ್ ಪೋರ್ವೆನೀರ್‌ನ ಕಾದ ಡಾಂಬರಿನ ಮೇಲೆ ನಡೆದು, ಸಂಜೆ ಉಪ್ಪುನೀರಲ್ಲಿ ಕಾಲು ಅದ್ದಿ, ತಾನು ಹೊಲಿಯುವ ಅಟ್ಟೆಯಷ್ಟೇ ಗಟ್ಟಿಯಾಗಿ ಅಂಗಾಲನ್ನು ಬೆಳೆಸಿಕೊಂಡಿದ್ದಳು.

ಅವಳ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಹಳೇ ಪತ್ರಿಕೆಯ ಚಿತ್ರವೊಂದನ್ನು ಅಂಟಿಸಿಕೊಂಡಿದ್ದಳು. ಮೂವತ್ತು ವರ್ಷದ ಹಿಂದೆ ತ್ರುಹಿಯೊದ ಸ್ಪರ್ಧೆ ಗೆದ್ದ ಸೊರೈದಾಳ ಚಿತ್ರ ಅದು. ಅಂದಿನ ಕುಣಿತದಲ್ಲಿ, ಜೋರಾಗಿ ಕಾಲು ಬಡಿಯುವ ಭಾಗಕ್ಕೆ ಮುಂಚೆ, ಸೊರೈದಾ ಎಡ ಹಿಮ್ಮಡಿ ಊರಿ ತಾಳದ ಎರಡು ಪೆಟ್ಟಿನಷ್ಟು ಹೊತ್ತು ಕಲ್ಲಿನಂತೆ ನಿಂತುಬಿಟ್ಟಿದ್ದಳು. ಬ್ಯಾಂಡಿನವರೂ ಉಸಿರು ಬಿಗಿಹಿಡಿದಿದ್ದರಂತೆ. ನೆಲಿದಾ ಅದರ ವಿಡಿಯೋವನ್ನು ಲೆಕ್ಕವಿಲ್ಲದಷ್ಟು ಸಲ ನೋಡಿ ಆ ನಿಲುವನ್ನು ಕಲಿತಿದ್ದಳು. ಬೆಳಗ್ಗೆ ಮೈ ಏಳದಿದ್ದಾಗ, ಅಂಗಾಲು ಉರಿದಾಗ, ‘ಸೊರೈದಾ ಆಗಿದ್ದರೆ ಏನು ಮಾಡುತ್ತಿದ್ದಳು?’ ಎಂದು ಚಿತ್ರವನ್ನೇ ಕೇಳುವಳು. ಪಕ್ಕದ ಯಂತ್ರದ ಫಾಕುಂದಾ ಸುಮ್ಮನಿರುವ ಪೈಕಿಯಲ್ಲ. “ಸೊರೈದಾ ಆಗಿದ್ರೆ ಮೊದ್ಲು ಈ ಜೋಡಿ ಹೊಲ್ದು ಮುಗಿಸ್ತಿದ್ಲು” ಎಂದು ಕಿಚಾಯಿಸುತ್ತಿದ್ದಳು.

ಇಷ್ಟಾದರೂ ನೆಲಿದಾ ಒಂದೇ ಒಂದು ಸಲವೂ ಆ ಸ್ಪರ್ಧೆಯ ಫೈನಲ್ ತಲುಪಿರಲಿಲ್ಲ. ಪ್ರತಿ ಜನವರಿಯೂ ಸೆಮಿಫೈನಲ್‌ನಲ್ಲೇ ಹೊರಬೀಳುತ್ತಿದ್ದಳು. ಅವಳ ವಿಭಾಗಕ್ಕೆ ಮೂವತ್ತೈದರ ಮಿತಿ. ಅವಳಿಗೀಗ ಸರಿಯಾಗಿ ಮೂವತ್ತೈದು. ಈ ಸಲ ತಪ್ಪಿದರೆ ಮುಂದಿನ ಸಲವೆಂಬುದೇ ಇಲ್ಲ.

ಸಾಲದ್ದಕ್ಕೆ ಮೂರು ದಿನದ ಹಿಂದೆ ಎಡ ಹಿಮ್ಮಡಿ ಬಿರಿದಿತ್ತು. ಉಗುರು ಇಳಿಯುವಷ್ಟು ಆಳದ ಬಿರುಕು. ಜೊತೆಗಾರ ಎಲಾದಿಯೊಗೆ ಹೇಳಿದರೆ ಅವನು ಎದೆ ಒಡೆದುಕೊಳ್ಳುತ್ತಾನೆ ಎಂದು ಮುಚ್ಚಿಟ್ಟಳು. ಬ್ಯಾಂಡೇಜು ಕಟ್ಟಿ ಕುಣಿದರೆ ಬರಿಗಾಲಿನ ನಿಯಮ ಮುರಿಯುತ್ತದೆ. ಆಗ ಬೇರೆ ಯಾರಿಗೂ ಹೊಳೆಯದ, ಬೂಟು ಹೊಲಿಯುವವಳಿಗೆ ಮಾತ್ರ ಹೊಳೆಯುವ ಉಪಾಯವೊಂದು ಅವಳಿಗೆ ಹೊಳೆಯಿತು. ಅಟ್ಟೆ ಅಂಟಿಸುವ ಸೊಲ್ಯೂಷನ್ನನ್ನು ಬಿರುಕಿಗೆ ತುಂಬಿ, ಒತ್ತಿ ಹಿಡಿದು, ಗಾಳಿಗೆ ಒಣಗಿಸಿದಳು. ಬೂಟಿಗೆ ಒಂದು ವರ್ಷ ಬಾಳುವ ಅಂಟು ಕಾಲಿಗೆ ಒಂದು ದಿನವಾದರೂ ಬಾರದೇ?

ಸ್ಪರ್ಧೆಯ ದಿನ ಕ್ರೀಡಾಂಗಣದ ಹಿಂದಿನ ಓಣಿಯಲ್ಲಿ ನಿಂತು, ಸೆಮಿಫೈನಲ್‌ಗೆ ಮುಂಚೆ ಹಿಮ್ಮಡಿಯ ಅಂಟನ್ನು ಇನ್ನೊಮ್ಮೆ ಒತ್ತಿ ನೋಡಿಕೊಂಡಳು. ಅಷ್ಟರಲ್ಲಿ ಕುರ್ಚಿಯೊಂದರಲ್ಲಿ ಕೂತು ಬೀಸಣಿಗೆ ಆಡಿಸುತ್ತಿದ್ದ ಮುದುಕಿಯನ್ನು ಕಂಡಳು. ಗೆದ್ದವರ ಹೆಗಲಿಗೆ ಗೌರವದ ಪಟ್ಟಿ ತೊಡಿಸಲು ಈ ವರ್ಷ ಕರೆಸಿದ್ದ ಅತಿಥಿ. ಮುಖ ಸುಕ್ಕಾಗಿದ್ದರೂ ಗದ್ದ ಅದೇ. ಸೊರೈದಾ!

ನೆಲಿದಾ ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಹನ್ನೊಂದು ವರ್ಷದ್ದನ್ನೆಲ್ಲ ತೊದಲುತ್ತ ಹೇಳಿದಳು; ಕೊನೆಗೆ ಆ ನಿಲುವಿನ ಗುಟ್ಟೇನು, ನನ್ನದು ಯಾಕೆ ಹಾಗೆ ಬರುತ್ತಿಲ್ಲ ಎಂದು ಕೇಳಿದಳು.

ಮುದುಕಿಯ ಬೀಸಣಿಗೆ ನಿಂತಿತು. “ಗುಟ್ಟು ಏನೂ ಇಲ್ಲ ಮಗಳೇ. ಆಗೆಲ್ಲ ಹಲಗೆ ಹಾಸ್ತಿದ್ರು. ಒಂದು ಮೊಳೆ ಮೇಲೆದ್ದಿತ್ತು. ಹಿಮ್ಮಡಿಗೆ ಚುಚ್ಕೊಂತು. ಕಿರುಚಬಾರ್ದು ಅಂತ ಹಲ್ಲು ಕಚ್ಕೊಂಡು ನಿಂತೆ, ಅಷ್ಟೇ.” ಮತ್ತೆ ಬೀಸಿಕೊಳ್ಳುತ್ತ ಹೇಳಿದಳು: “ವರ್ಷಾ ವರ್ಷಾ ಮನೇಲಿ ಟೀವಿ ಮುಂದೆ ಕೂತು ನೋಡ್ತೀನಿ. ನನ್ನ ಮೊಳೆ ಮೇಲೆ ಎಷ್ಟು ಹುಡುಗೀರು ಸುಮ್ನೆ ನಿಂತ್ಕೊಂಡು ಹೋದ್ರೋ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೆಲಿದಾಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ತೀರ್ಪುಗಾರರು ಪ್ರತಿವರ್ಷ ನೋಡಿ ಮುಖ ತಿರುಗಿಸಿದ್ದು ಇದನ್ನೇ ಇರಬೇಕು: ನೋವಿಲ್ಲದವಳು ನಟಿಸಿದ ನೋವು. ಓಡಿಹೋಗಿ ಎಲಾದಿಯೊನ ತೋಳು ಹಿಡಿದಳು.

“ಇವತ್ತು ನಾನು ನಿಲ್ಲಲ್ಲ. ನೇರ ಕಾಲು ಬಡಿಯೋಕೆ ಹೋಗ್ತೀನಿ.”

ಬಸ್ಸು ಓಡಿಸುವ ಎಲಾದಿಯೊ ಎಂಥ ತಿರುವಿನಲ್ಲೂ ಬೆವರದವನು. ಈಗ ಹಣೆ ಒರೆಸಿಕೊಂಡ. “ಹನ್ನೊಂದು ವರ್ಷ ಬಿಟ್ಟು ಈಗ ಹೇಳ್ತೀಯಾ? ನನ್ನ ಸುತ್ತೆಲ್ಲಾ ಆ ಎರಡು ಪೆಟ್ಟಿನ ಮೇಲೇ ನಿಂತಿದೆ.”

ಅಷ್ಟರಲ್ಲಿ ಅವರ ಸಂಖ್ಯೆ ಕೂಗಿದರು.

ಬ್ಯಾಂಡು ಎತ್ತಿಕೊಂಡಿತು. ಮೊದಲ ಸುತ್ತು, ಎರಡನೆಯ ಸುತ್ತು ಕಳೆಯಿತು. ಬಿಸಿಲಿಗೆ ಕಾದ ನೆಲದ ಮೇಲೆ ಸೊಲ್ಯೂಷನ್ ಮೆತ್ತಗಾಗುತ್ತಿರುವುದು ಅವಳ ಅರಿವಿಗೆ ಬಂತು. ಕಾಲಿಟ್ಟಲ್ಲೆಲ್ಲ ಅಂಟುತ್ತಿತ್ತು. ಇನ್ನು ಹತ್ತು ಹೆಜ್ಜೆ, ಇನ್ನು ನಾಲ್ಕು, ನಿಲ್ಲಬೇಡ ನಿಲ್ಲಬೇಡ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಆ ಜಾಗಕ್ಕೆ ಬಂದಳು. ಆದರೆ ಹನ್ನೊಂದು ವರ್ಷ ಅದೇ ತಾಳಕ್ಕೆ ಅದೇ ಹಿಮ್ಮಡಿಯನ್ನು ಬಲವಾಗಿ ಊರಿಯೇ ಅಲ್ಲವೇ ಅದು ಬಿರಿದದ್ದು? ಕಾಲು ತನ್ನ ಅಭ್ಯಾಸದಂತೆ ಊರಿತು, ಅಂಟು ನೆಲವನ್ನು ಕಚ್ಚಿತು, ಬಿರುಕು ಬಾಯಿಬಿಟ್ಟಿತು.

ಜೀವ ಬಾಯಿಗೆ ಬಂತು. ಅವಳು ನಿಂತಳು. ನಿಲ್ಲಬೇಕೆಂದಲ್ಲ, ಹೆಜ್ಜೆ ಕೀಳಲಾಗದೆ. ಒಂದು ಪೆಟ್ಟು. ಎರಡು ಪೆಟ್ಟು. ಮೂರನೆಯದೂ ದಾಟಿತು. ಎಲಾದಿಯೊ ಅವಳ ಮುಖ ನೋಡಿ, ಟೋಪಿ ಎತ್ತಿ ಹಿಡಿದು, ಇನ್ನೊಂದು ಸುತ್ತು ಹಾಕಿದ. ನಾಲ್ಕನೆಯದಕ್ಕೆ ಅವಳು ಕಾಲು ಕಿತ್ತು ಬಡಿಯತೊಡಗಿದಳು. ಬಿಳಿ ಲಂಗದ ಅಂಚಿಗೆ ಕೆಂಪು ಹತ್ತಿತು.

ಐವರು ತೀರ್ಪುಗಾರರಲ್ಲಿ ಮೂವರು ಅವರ ಸಂಖ್ಯೆ ಎತ್ತಿ ಫೈನಲ್‌ಗೆ ಕಳಿಸಿದರು. ಎಲಾದಿಯೊ ಮಗುವಿನಂತೆ ಅತ್ತ. ಫೈನಲ್‌ಗೆ ಇನ್ನೊಂದೇ ಗಂಟೆ ಇತ್ತು.

ಓಣಿಯಲ್ಲಿ ಸೊರೈದಾ ನೆಲಿದಾಳ ಕಾಲನ್ನು ಮಡಿಲಿಗೆ ಎಳೆದುಕೊಂಡು ತನ್ನ ಕರವಸ್ತ್ರವನ್ನು ಬಿಗಿಯಾಗಿ ಕಟ್ಟಿದಳು. ಸಂಖ್ಯೆ ಕೂಗಿದಾಗ ನೆಲಿದಾ ಗಂಟು ಬಿಚ್ಚಿ ಕರವಸ್ತ್ರವನ್ನು ಹಿಂದಿರುಗಿಸಿದಳು. ಸೊರೈದಾ ಆಗಿದ್ದರೆ ಏನು ಮಾಡುತ್ತಿದ್ದಳು ಎಂಬುದು ನೆನಪಿಗೂ ಬರಲಿಲ್ಲ. ಹಿಮ್ಮಡಿಯನ್ನು ಎಲ್ಲೆಲ್ಲಿ ಊರಬಾರದು ಎಂದಷ್ಟೇ ಲೆಕ್ಕ ಹಾಕುತ್ತ, ಕ್ರೀಡಾಂಗಣದ ಮೆಟ್ಟಿಲು ಹತ್ತಿದಳು.